ಒಂಬತ್ತನೇ ಬ್ರೌನಿನ ಗೋಣಿ

ಸುಟ್ಟ ಇಂಜಿನ್ ಆಯಿಲ್ ವಾಸನೆಗೆ ನನಗೆ ಕಣ್ಣು ತುಂಬಿ ಬರುತ್ತದೆ ಎಂದರೆ ಜನ ನಗುತ್ತಾರೆ. ನಗಲಿ. ಮಲ್ಲಿಗೆಗೆ, ಕಾಫಿ ಹೂವಿಗೆ, ಮೊದಲ ಮಳೆಯ ಮಣ್ಣಿಗೆ ಕಣ್ಣು ತುಂಬಿಕೊಳ್ಳುವವರು ಬೇಕಾದಷ್ಟಿದ್ದಾರೆ. ಈ ಪಾಪದ ಕಪ್ಪೆಣ್ಣೆಗೂ ಒಬ್ಬಳಿರಲಿ.

ಕಳೆದ ತಿಂಗಳು ಮೂರ್ನಾಡಿನ ವರ್ಕ್‌ಶಾಪೊಂದರಲ್ಲಿ ಸ್ಕೂಟರ್ ಸರ್ವಿಸ್‌ಗೆ ಕೊಟ್ಟು ಬೆಂಚಿನ ಮೇಲೆ ಕೂತಿದ್ದೆ. ಮೆಕ್ಯಾನಿಕ್ ಒಂದು ಜೀಪಿನ ಅಡಿಗೆ ತಟ್ಟೆ ಇಟ್ಟು ಹಳೆ ಆಯಿಲ್ ಇಳಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಫೋನು ಮರೆತುಹೋಯಿತು. ಅಷ್ಟರಲ್ಲಿ ಎರಡು ಖಾಲಿ ಕ್ಯಾನು ಹಿಡಿದುಕೊಂಡು ನರೆತ ಗಡ್ಡದ ಒಬ್ಬರು ಒಳಗೆ ಬಂದರು. ನನ್ನನ್ನು ಒಂದು ಕ್ಷಣ ದಿಟ್ಟಿಸಿದರು.

"ಅಯ್ಯೋ, ನಮ್ಮ ಮಣ್ಣ್ ಮೇಡಂ ಅಲ್ಲೇ?"

ಚಾತುಕುಟ್ಟಿಯಣ್ಣ. ನಾನು ಒಂದು ಕಾಲದಲ್ಲಿ ಆಡಿದ ಗಾಲ್ಫ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವವರು. ಆರು ವರ್ಷದಲ್ಲಿ ಗಡ್ಡ ಮಾತ್ರ ಬೆಳ್ಳಗಾಗಿತ್ತು, ಮಾತು ಹಾಗೇ ಇತ್ತು.

"ಇನ್ನೂ ಬ್ರೌನಿಗೆ ಇದೇ ಎಣ್ಣೆ ಹಾಕ್ತೀರಾ ಅಣ್ಣ?" ಎಂದೆ.

"ಪಿನ್ನೆ, ಮತ್ತೆಂಥದು? ಗಾಳಿಗೆ ಮರಳು ಹಾರಿ ಹೋದ್ರೆ ಬಾಲ್ ಎಲ್ಲಿ ಉರುಳೂದು?" ಎಂದು ಕ್ಯಾನಿನ ಬಾಯಿಗೆ ಲಾಳಿಕೆ ಇಟ್ಟರು.

ಇನ್ನೊಂದು ಪ್ರಶ್ನೆ ನನ್ನ ಗಂಟಲಿನಲ್ಲೇ ಇತ್ತು. ಕೇಳಲು ಧೈರ್ಯ ಬರಲಿಲ್ಲ. ಕೊನೆಗೆ ಕೇಳಿದೆ, ಅವರು ಹೇಳಿದರು. ಆದರೆ ಅದನ್ನು ಈಗಲೇ ಹೇಳಿದರೆ ನಿಮಗೆ ಅರ್ಧ ಮಾತ್ರ ಅರ್ಥವಾಗುತ್ತದೆ. ಮೊದಲು ಆ ವರ್ಷದ ವಿಚಾರ ಹೇಳಿಬಿಡುತ್ತೇನೆ.

ನನ್ನ ಕೆಲಸ ಮಣ್ಣು ಪರೀಕ್ಷೆ. ತೋಟತೋಟಕ್ಕೆ ಹೋಗಿ, ಆಗರ್ ಎಂಬ ತಿರುಪಿನ ಕೋಲನ್ನು ನೆಲಕ್ಕೆ ಇಳಿಸಿ, ಮಣ್ಣು ತೆಗೆದು, ಚೀಲಕ್ಕೆ ತುಂಬಿ, ಪ್ರಯೋಗಾಲಯಕ್ಕೆ ತಂದು, ಸುಣ್ಣ ಎಷ್ಟು ಬೇಕು ಗೊಬ್ಬರ ಎಷ್ಟು ಬೇಕು ಎಂದು ಬರೆದುಕೊಡುವುದು. ಆ ಜನವರಿಯಲ್ಲಿ ಮೂರ್ನಾಡಿನಿಂದ ಅರ್ಧ ಗಂಟೆ ದಾರಿಯ ಒಂದು ಹಳೆಯ ಪ್ಲಾಂಟರ್‌ಗಳ ಕ್ಲಬ್ಬಿನಿಂದ ಪತ್ರ ಬಂತು: ನಮ್ಮ ಗಾಲ್ಫ್ ಮೈದಾನದ ಹುಲ್ಲು ಹಳದಿಯಾಗುತ್ತಿದೆ, ಮಣ್ಣು ನೋಡಿ ಹೇಳಿ. ನಾನು ಗಾಲ್ಫ್ ಮೈದಾನವನ್ನು ಟಿವಿಯಲ್ಲೂ ಸರಿಯಾಗಿ ನೋಡಿದವಳಲ್ಲ. ಒಂದು ಗುರುವಾರ ಬೆಳಿಗ್ಗೆ ಆಗರ್ ಹೆಗಲಿಗೆ ಹಾಕಿಕೊಂಡು ಹೋದೆ.

ಸುತ್ತಲೂ ಸಿಲ್ವರ್ ಓಕ್, ಅದರಾಚೆ ಕಾಫಿ. ತೋಟಗಳಲ್ಲಿ ಹಣ್ಣು ಕೊಯ್ಯುವ ಪಿಕಿಂಗ್ ನಡೆಯುತ್ತಿತ್ತು, ಕಣದಲ್ಲಿ ಹರಡಿದ ಹಣ್ಣಿನ ಹುಳಿ ವಾಸನೆ ಗಾಳಿಯಲ್ಲೆಲ್ಲ ಇತ್ತು. ಮೈದಾನದಲ್ಲಿ ನಾಲ್ಕು ದನ ಮೇಯುತ್ತಿದ್ದವು. ನಾನು ಅಲ್ಲಲ್ಲಿ ಮಣ್ಣು ತೆಗೆಯುತ್ತ ಕೊನೆಗೆ ಕ್ಲಬ್ಬಿನ ವರಾಂಡದ ಎದುರಿಗೆ ಬಂದೆ. ಅಲ್ಲಿ ಹುಲ್ಲಿಲ್ಲದ ಒಂದು ಗುಂಡನೆಯ ಜಾಗ, ಕಪ್ಪು ಮರಳು. ಬಗ್ಗಿ ಮೂಸಿದೆ. ಇಂಜಿನ್ ಆಯಿಲ್! ಯಾವುದೋ ಟ್ರ್ಯಾಕ್ಟರ್ ಸೋರಿ ಮಣ್ಣು ಕೆಟ್ಟಿದೆ, ಇದೇ ರೋಗದ ಮೂಲ, ಇಷ್ಟು ದಿನ ಇವರ ಕಣ್ಣಿಗೆ ಬಿದ್ದಿಲ್ಲವಲ್ಲ ಎಂದು ಖುಷಿಯೇ ಆಯಿತು. ನಡುಮಧ್ಯಕ್ಕೆ ಹೋಗಿ ಆಗರ್ ಊರಿ ಒಂಬತ್ತು ಇಂಚು ಇಳಿಸಿಬಿಟ್ಟೆ.

ಅದು ಆ ಮೈದಾನದ ಗರ್ಭಗುಡಿ ಎಂದು ನನಗೇನು ಗೊತ್ತು? ಬೇರೆ ಕಡೆ ಗಾಲ್ಫಿನ ಹೋಲ್ ಇರುವ ಜಾಗದಲ್ಲಿ ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತದೆ, ಗ್ರೀನ್ ಎನ್ನುತ್ತಾರೆ. ನಮ್ಮ ಹಳೆಯ ಪ್ಲಾಂಟರ್ ಕ್ಲಬ್ಬಿನಲ್ಲಿ ಅಷ್ಟು ನೀರೂ ಇಲ್ಲ, ಆರೈಕೆಗೆ ಜನವೂ ಇಲ್ಲ. ಅದಕ್ಕೇ ಮರಳಿನ ವೃತ್ತ, ಮರಳು ಹಾರದಂತೆ ಹಳೆ ಆಯಿಲ್ ಕಲಸಿ ತಟ್ಟಿದ್ದು. ಅದಕ್ಕೆ ಬ್ರೌನ್ ಎಂದು ಹೆಸರು. ಅಂಥ ಒಂಬತ್ತು ಬ್ರೌನುಗಳಲ್ಲಿ ಕೊನೆಯದಕ್ಕೆ ನಾನು ತೂತು ಹೊಡೆದಿದ್ದೆ.

ಆಗರ್ ಎಳೆದು ನಿಂತಿದ್ದೇನೆ, ದೂರದಲ್ಲಿ ಟಕ್ ಎಂದು ಸದ್ದು. ಬಿಳಿ ಬಾಲೊಂದು ಏರಿ ಬಂದು, ಕಲ್ಲಿಗೆ ತಾಗಿ, ಬಲಕ್ಕೆ ಹಾರಿ, ಎರಡು ಸಲ ಪುಟಿದು, ಉರುಳಿ ಉರುಳಿ ಬಂದು ನನ್ನ ತೂತಿಗೇ ಬಿತ್ತು. ಹಿಂದಿನಿಂದ ಹ್ಯಾಟು ಹಾಕಿದ ವಯಸ್ಸಾದ ಹೆಂಗಸೊಬ್ಬರು ನಿಧಾನವಾಗಿ ನಡೆದು ಬಂದರು. ಬ್ರೌನಿನ ಮೇಲೆ ಹುಡುಕಿದರು, ಬಾವುಟದ ಹೋಲಿಗೆ ಕೈಹಾಕಿ ನೋಡಿದರು.

"ಮೇಡಂ, ಇಲ್ಲಿದೆ" ಎಂದೆ. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು. ಬಾಯಿ ಬಿಡಿಸಿದವಳೂ ನಾನೇ.

ಅವರು ಬಗ್ಗಿ ತೂತನ್ನು ಬೆರಳಿನಿಂದ ಸವರಿದರು. "ಯಾರು ತೆಗೆದದ್ದು ಇದು?"

"ನಾನು. ಮಣ್ಣು ಪರೀಕ್ಷೆ. ಇಲ್ಲಿ ಆಯಿಲ್ ಸೋರಿದೆ ಅಂತ..."

ಅವರು ನಗಲು ಶುರು ಮಾಡಿದವರು ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಳ್ಳುವವರೆಗೆ ನಕ್ಕರು. ಆಮೇಲೆ ನನ್ನ ಮುಖ ನೋಡದೆ, ನನ್ನ ಕಿವಿಯ ಆಚೆ ಎಲ್ಲೋ ನೋಡುತ್ತ ಕೇಳಿದರು: "ಬಾಲ್ ಬಂದದ್ದು ನೀನು ನೋಡಿದ್ಯಾ?"

"ನೋಡಿದೆ. ಆ ಕಲ್ಲಿಗೆ ತಾಗಿ ಬಲಕ್ಕೆ ಹಾರ್ತು. ಆಮೇಲೆ ಎರಡು ಸಲ ಪುಟಿದು, ಇಳಿಜಾರಲ್ಲಿ ತಿರುಗಿ ಬಂತು."

"ಅಷ್ಟೂ ನೋಡಿದ್ಯಾ?" ಅವರು ಹ್ಯಾಟನ್ನು ಮತ್ತೆ ತಲೆಗೆ ಹಾಕಿಕೊಂಡರು. "ಮುಂದಿನ ಗುರುವಾರ ಬಾ. ಕೈಯಲ್ಲಿ ಆ ದರಿದ್ರ ಕೋಲು ಬೇಡ. ನಾನು ಬೇರೆ ಕೋಲು ಕೊಡ್ತೇನೆ."

ಹೀಗೆ ನನಗೆ ದೇಚಮ್ಮ ಆಂಟಿಯ ಪರಿಚಯವಾದದ್ದು. ಅರವತ್ತೆಂಟು ವಯಸ್ಸು, ಸಣ್ಣ ತೋಟ, ಡ್ರೈವರ್ ಓಡಿಸುವ ಹಳೆಯ ಜೀಪು. ಉಳಿದ ದಿನ ಸೀರೆ, ಗುರುವಾರ ಮಾತ್ರ ಪ್ಯಾಂಟು. ಮೂವತ್ತು ವರ್ಷದಿಂದ ಗುರುವಾರ ಬೆಳಿಗ್ಗೆ ಆಡುತ್ತಿದ್ದವರು. ಜೊತೆಗಾತಿಯರೆಲ್ಲ ಮಂಡಿ ನೋವು, ಮೊಮ್ಮಕ್ಕಳು ಎಂದು ಒಬ್ಬೊಬ್ಬರಾಗಿ ಬಿಟ್ಟಿದ್ದರು. ಗಂಡಸರು ಭಾನುವಾರ ಆಡುತ್ತಿದ್ದರು, ಅವರ ಜೊತೆ ಇವರಿಗೆ ಸರಿಬರುತ್ತಿರಲಿಲ್ಲ. "ಆಡೂದಕ್ಕಿಂತ ಮಾತಾಡೂದು ಜಾಸ್ತಿ ಅವರದ್ದು" ಎನ್ನುತ್ತಿದ್ದರು.

ಗುರುವಾರ ನನಗೆ ಆ ಕಡೆಯ ತೋಟಗಳ ಕೆಲಸವೇ ಇರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಆಟ ಶುರು ಮಾಡಿ ಹತ್ತಕ್ಕೆ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದೆ. ಮೊದಲ ತಿಂಗಳು ಬಾಲಿಗಿಂತ ನೆಲಕ್ಕೇ ಹೆಚ್ಚು ಹೊಡೆದೆ. ಮಣ್ಣಿನ ಹೆಂಟೆ ಎದ್ದು ಬಾಲಿಗಿಂತ ಮುಂದೆ ಹೋಗಿ ಬೀಳುತ್ತಿತ್ತು. ಮನೆಯಲ್ಲಿ ನನ್ನ ಗಂಡ ಲೋಕೇಶ್, ಹೈಸ್ಕೂಲು ಮೇಷ್ಟ್ರು, ನನ್ನ ಶೂ ನೋಡಿ, "ಇಷ್ಟು ದಿನ ಸಂಬಳಕ್ಕೆ ಮಣ್ಣು ಅಗೀತಿದ್ದೆ, ಈಗ ಪುಕ್ಕಟೆಗೂ ಶುರು ಮಾಡಿದ್ಯಾ?" ಎಂದು ರೇಗಿಸುತ್ತಿದ್ದರು.

ಆಟದ ಎಲ್ಲ ಕ್ರಮವನ್ನೂ ನಾನು ಆಂಟಿಯಿಂದಲೇ ಕಲಿತದ್ದು. ಅವರು ಹೊಡೆದ ಬಾಲ್ ಎಲ್ಲಿಗೆ, ಹೇಗೆ ಹೋಯಿತೆಂದು ಜೊತೆಯವರು ಹೇಳಬೇಕು. ಬರೀ "ಚೆನ್ನಾಗಿ ಹೋಯ್ತು ಆಂಟಿ" ಎಂದರೆ ಬೈಗಳು. "ಚೆನ್ನಾಗಿ ಅಂದ್ರೆ ಎಂಥದು? ಎತ್ತರಕ್ಕೆ ಹೋಯ್ತಾ, ತಗ್ಗಿ ಹೋಯ್ತಾ? ಬಲಗಡೆ ಎರಡನೇ ಮರಕ್ಕಿಂತ ಆಚೆಯಾ ಈಚೆಯಾ? ಕಣ್ಣು ಕೊಟ್ಟಿದ್ದಾನೆ ದೇವರು, ಬಾಯಿ ಕೊಟ್ಟಿದ್ದಾನೆ, ಹೇಳು!" ಬ್ರೌನಿಗೆ ಬಂದರೆ ಅವರು ಬಾಲಿನಿಂದ ಹೋಲಿನವರೆಗೆ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದರು. ಮರಳಿನ ಮೇಲೆ ಅಂಗೈ ಇಟ್ಟು ಇಳಿಜಾರು ನೋಡುತ್ತಿದ್ದರು. ಅವರು ಹೊಡೆಯುವಾಗ ನಾನು ಹೋಲಿನ ಹತ್ತಿರ ಬಾವುಟದ ಕೋಲು ಹಿಡಿದು ಅದನ್ನು ಸ್ವಲ್ಪ ಅಲ್ಲಾಡಿಸಬೇಕು, ಹೋಲಿನ ಡಬ್ಬಕ್ಕೆ ತಾಗಿ ಟಿಣಿಟಿಣಿ ಎನ್ನಬೇಕು. ಇದೆಲ್ಲ ಗಾಲ್ಫಿನ ಮರ್ಯಾದೆ ಎಂದೇ ನಾನು ತಿಳಿದಿದ್ದೆ. ಪೂಜೆಗೆ ಗಂಟೆ ಇಲ್ಲವೇ, ಹಾಗೆ.

ಇನ್ನೊಂದು ಪದ್ಧತಿ ಮಾತ್ರ ನಿಜವಾಗಿಯೂ ಆ ಕ್ಲಬ್ಬಿನದೇ. ಆಡಿ ಮುಗಿದ ಮೇಲೆ ಮರಳಿನ ಮೇಲೆ ಕಾಲಿನ ಗುರುತು ಉಳಿಯುತ್ತದೆ, ಹಿಂದಿನಿಂದ ಬರುವವರಿಗೆ ಅದನ್ನು ಸಮ ಮಾಡಿ ಹೋಗಬೇಕು. ಅದಕ್ಕೆ ಪ್ರತಿ ಬ್ರೌನಿನ ಪಕ್ಕದಲ್ಲಿ ಮರದ ಪಟ್ಟಿ ಇಟ್ಟು ಹೊಲಿದ, ಹಗ್ಗ ಕಟ್ಟಿದ ಒಂದು ಗೋಣಿ. ನಡುವಿನಿಂದ ಶುರು ಮಾಡಿ ಸುತ್ತಿ ಸುತ್ತಿ ಅಂಚಿನವರೆಗೆ ಎಳೆಯಬೇಕು. ಬೇರೆ ಕಡೆ ಕೆಲಸದವರು ಎಳೆಯುತ್ತಾರಂತೆ. ಇಲ್ಲಿ ಹೋಲ್ ಗೆದ್ದವರು, ಎಂದರೆ ಕಡಿಮೆ ಏಟಿಗೆ ಬಾಲನ್ನು ಹೋಲಿಗೆ ಹಾಕಿದವರು, ಎಳೆಯಬೇಕು. ಸಮಸಮ ಆದರೆ ಹಿಂದಿನ ಹೋಲ್ ಗೆದ್ದವರು. ಗೆದ್ದವರ ಬೆನ್ನು ಒಂದು ಸಲ ಬಾಗಲಿ ಎಂದು ಹಿರಿಯರು ಯಾರೋ ಮಾಡಿಟ್ಟದ್ದು.

ಜನವರಿಯಿಂದ ಮೇವರೆಗೆ ಆ ಗೋಣಿ ಎಳೆದದ್ದೆಲ್ಲ ದೇಚಮ್ಮ ಆಂಟಿಯೇ. ನಾನು ಬದಿಯಲ್ಲಿ ಕೈಕಟ್ಟಿ ನಿಂತು ನೋಡುವುದು. ಅರವತ್ತೆಂಟರ ಹೆಂಗಸು ಎಳೆಯುತ್ತಿದ್ದರೆ ನಲವತ್ತೊಂದರ ನನಗೆ ನಾಚಿಕೆ. "ಕೊಡಿ ಆಂಟಿ, ನಾನು ಎಳೀತೇನೆ" ಎಂದರೆ, "ಗೆದ್ದು ಎಳಿ ಕುಂಞಿ" ಎನ್ನುತ್ತಿದ್ದರು. ಕುಂಞಿ ಎಂದರೆ ಅವರ ಮಾತಿನಲ್ಲಿ ಮಗು. ನನ್ನನ್ನು ಹಾಗೆ ಕರೆಯುವವರು ಇನ್ನು ಯಾರೂ ಇರಲಿಲ್ಲ.

ಸದಸ್ಯರಲ್ಲದವರು ಯಾರಾದರೂ ಸದಸ್ಯರ ಅತಿಥಿಯಾಗಿ ಒಂದು ಸೀಸನ್ ಮಾತ್ರ ಆಡಬಹುದು ಎಂದು ಕ್ಲಬ್ಬಿನ ನಿಯಮ. ಮಳೆ ಹಿಡಿಯುವ ಮೊದಲು ಅರ್ಜಿ ಕೊಟ್ಟು ಸೇರಬೇಕು, ಇಲ್ಲವಾದರೆ ಬಿಡಬೇಕು. ಫೆಬ್ರವರಿಯಲ್ಲೇ ಆಂಟಿ ಅರ್ಜಿಯ ಕಾಗದ ತಂದು, ವರಾಂಡದಲ್ಲಿ ಕೂತು, ಶಿಫಾರಸು ಮಾಡುವವರ ಜಾಗದಲ್ಲಿ ಸಹಿ ಹಾಕಿ ಕೊಟ್ಟರು. ಸಹಿ ಗೆರೆಯ ಮೇಲೆ ಇರಲಿಲ್ಲ. ಓರೆಯಾಗಿ ಏರಿ ಪಕ್ಕದ ಚೌಕಕ್ಕೆ ನುಗ್ಗಿತ್ತು. ದೊಡ್ಡ ಮನೆತನದವರು, ಗೆರೆಗಿರೆ ಎಲ್ಲ ನಮ್ಮಂಥವರಿಗೆ ಎಂದುಕೊಂಡೆ.

ಆ ಕಾಗದವನ್ನು ಮಣ್ಣಿನ ಚೀಲಗಳ ನಡುವೆ ಇಟ್ಟುಕೊಂಡು ಮೂರು ತಿಂಗಳು ತಿರುಗಿದೆ. ಸೇರುವುದೋ ಬಿಡುವುದೋ? ಹೊರಗಿನವರಿಗೆ ಇದು ಒಂದು ಪ್ರಶ್ನೆಯೇ ಅಲ್ಲ ಎನಿಸಬಹುದು. ನನ್ನ ಅಪ್ಪ ಅದೇ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಪಿಕಿಂಗ್ ಉಸ್ತುವಾರಿ ಅವರ ಕೆಲಸ. ಸಾಹುಕಾರರು ಇದೇ ಕ್ಲಬ್ಬಿಗೆ ಬರುವಾಗ ಕೆಲವೊಮ್ಮೆ ಕಾಗದಪತ್ರ ಹಿಡಿದು ಅಪ್ಪನೂ ಜೊತೆಗೆ ಬರುತ್ತಿದ್ದರು. ಸಾಹುಕಾರರು ಒಳಗೆ, ಅಪ್ಪ ಜೀಪಿನಲ್ಲಿ. ಆ ವರಾಂಡದ ಮೂರು ಮೆಟ್ಟಿಲನ್ನು ಅವರು ಒಂದು ದಿನವೂ ಹತ್ತಲಿಲ್ಲ. ಭಾಗಮಂಡಲದಾಚೆ ನಮ್ಮ ಊರಿನಲ್ಲಿರುವ ಅವ್ವನಿಗೆ ಫೋನಿನಲ್ಲಿ ವಿಷಯ ಹೇಳಿದರೆ ಅವಳು ಅರೆಭಾಷೆಯಲ್ಲಿ ಒಂದೇ ಏಟಿಗೆ ಮುಗಿಸಿದಳು: "ನಿನ್ನಪ್ಪ ಜೀಪಲಿ ಕುದ್ದು ಕಾದ ಜಾಗ ಅದ್. ನಿಂಗೆ ಅಲ್ಲಿ ಎಂಥ ಕೆಲ್ಸ ಉಟ್ಟು?"

ಆಫೀಸಿನಲ್ಲೂ ಮಾತು ಶುರುವಾಗಿತ್ತು. ಬೆಳಿಗ್ಗೆ ಅವರ ಜೊತೆ ಆಟ, ಮಧ್ಯಾಹ್ನ ಅವರ ಮಣ್ಣಿನ ರಿಪೋರ್ಟು. ಅದನ್ನೆಲ್ಲ ನಾನು ಕೇರ್ ಮಾಡುತ್ತಿರಲಿಲ್ಲ. ನನ್ನನ್ನು ಒಳಗೇ ಕೊರೆಯುತ್ತಿದ್ದುದು ಬೇರೆ. ಆಂಟಿ ನನ್ನನ್ನು ಯಾಕೆ ಕರೆದರು? ರೈಟರ್ ಮಗಳು, ಬ್ರೌನಿಗೆ ತೂತು ಹೊಡೆದವಳು, ಐದು ತಿಂಗಳಾದರೂ ಒಂದು ಹೋಲ್ ಗೆಲ್ಲದವಳು. ಪಾಪ ಎಂದು ಕರೆದಿರಬೇಕು. ಪಾಪ ಎಂಬ ಶಬ್ದ ನನಗೆ ಆಗುವುದಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನಾನು. ಅವರು ಮುಖ ಕೊಟ್ಟು ಮಾತಾಡದೆ ಯಾವಾಗಲೂ ಕಿವಿಯ ಆಚೆ ನೋಡುವುದೂ ನನ್ನ ಸಂಶಯಕ್ಕೆ ತುಪ್ಪ ಸುರಿಯುತ್ತಿತ್ತು.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಹತ್ತು ದಿನದಲ್ಲಿ ಮೈದಾನದ ಸುತ್ತ ಕಾಫಿ ಹೂವು ಬೆಳ್ಳಗೆ ಬಿರಿಯಿತು. ಆ ಗುರುವಾರ ಆಂಟಿ ಮೂರನೇ ಹೋಲಿನ ಹತ್ತಿರ ಆಟ ನಿಲ್ಲಿಸಿ ಹುಲ್ಲಿನ ಮೇಲೆ ಕೂತುಬಿಟ್ಟರು.

"ಹೇಗಿದೆ ಹೇಳು" ಎಂದರು.

"ಏನು ಆಂಟಿ?"

"ಹೂವು ಮಾರಾಯ್ತಿ. ಬಾಲ್ ಹೇಳಿದ ಹಾಗೆ ಹೇಳು."

ಎದುರಿಗೇ ಇದೆಯಲ್ಲ, ಇದೇನು ಹುಚ್ಚು ಎಂದು ನಕ್ಕೆ. ಆದರೂ ಹೇಳಿದೆ. ಕೆಳಗಿನ ತೋಟದಲ್ಲಿ ಪೂರ್ತಿ ಬಿರಿದಿದೆ, ಮೇಲೆ ನೆರಳು ಹೆಚ್ಚಾದಲ್ಲಿ ಇನ್ನೂ ಮೊಗ್ಗು, ಬೇಲಿಯ ಪಕ್ಕದ ಗಿಡದಲ್ಲಿ ಎಲೆಯೇ ಕಾಣುತ್ತಿಲ್ಲ, ಜೇನು ಮುತ್ತಿದೆ, ದಾರಿಯ ಕೆಂಪು ಮಣ್ಣಿನ ಮೇಲೆ ಉದುರಿದ್ದು ಅಲ್ಲಲ್ಲಿ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನನ್ನ ಜೀವಮಾನದಲ್ಲಿ ನನ್ನ ಮಾತನ್ನು ಅಷ್ಟು ಗಮನ ಕೊಟ್ಟು ಯಾರೂ ಕೇಳಿದ್ದಿಲ್ಲ. ಮನೆಯಲ್ಲಿ ಅರ್ಧ ಹೇಳುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಆಫೀಸಿನಲ್ಲಿ ಅಂಕಿ ಮಾತ್ರ ಕೇಳುತ್ತಾರೆ. ಆ ಬೆಳಗ್ಗೆ ಹುಲ್ಲಿನ ಮೇಲೆ ಕೂತಿದ್ದಾಗ ಸೇರಿಬಿಡಬೇಕು ಅನ್ನಿಸಿತು, ಇಂಥ ಗುರುವಾರಗಳು ಇನ್ನೂ ಬೇಕು ಅನ್ನಿಸಿತು.

ಅವತ್ತೇ ಕಾಗದ ತುಂಬಿಸಿದೆ. ಆದರೆ ಕೊಡಲಿಲ್ಲ. ಆಂಟಿಗೆ ಹೇಳಿದೆ: "ಒಂದು ಹೋಲ್ ಗೆದ್ದು, ಗೋಣಿ ಎಳೆದು, ಆಮೇಲೆ ಕೊಡ್ತೇನೆ. ಪುಕ್ಕಟೆ ಒಳಗೆ ಬರೂದಿಲ್ಲ."

"ಸೈ" ಎಂದರು. "ನಾನೂ ಪುಕ್ಕಟೆ ಬಿಡೂದಿಲ್ಲ."

ಏಪ್ರಿಲ್ ಹೋಯಿತು. ಎರಡು ಗುರುವಾರ ಆನೆ ಬಂದಿದೆ ಎಂದು ಆಟವಿರಲಿಲ್ಲ. ನನ್ನ ಕೈ ಸ್ವಲ್ಪ ಕೂತಿತ್ತು, ಎರಡು ಮೂರು ಹೋಲು ಸಮಸಮ ಆದವು. ಗೆಲುವು ಮಾತ್ರ ಇಲ್ಲ. ಮೇ ಕೊನೆಗೆ ಬಂದುಬಿಟ್ಟಿತು. ಕೊನೆಯ ಗುರುವಾರಕ್ಕೆ ಮೊದಲು ನಾನು ಮೂರು ದಿನ ಫೋನಿನಲ್ಲಿ ಗಾಲ್ಫ್ ವಿಡಿಯೋ ನೋಡಿದೆ. ಅದರಲ್ಲಿ ಒಬ್ಬ ಹೇಳಿದ: ಎದುರಾಳಿ ಹೊಡೆಯುವಾಗ ಅಲ್ಲಾಡಬಾರದು, ಸದ್ದು ಮಾಡಬಾರದು, ಅದೇ ಈ ಆಟದ ಮೊದಲ ಮರ್ಯಾದೆ. ಅಯ್ಯೋ, ಇಷ್ಟು ದಿನ ನಾನು ಹಳ್ಳಿಗಮಾರಿಯ ಹಾಗೆ ಕೋಲು ಅಲ್ಲಾಡಿಸುತ್ತ ನಿಂತಿದ್ದೆನಲ್ಲ! ಆಂಟಿ ಹಳೆಯ ಕಾಲದವರು, ಅವರಿಗೆ ಅಭ್ಯಾಸ. ನಾನು ನಾಳೆ ಸದಸ್ಯೆ ಆಗುವವಳು, ಸರಿಯಾಗಿ ಆಡಬೇಕು ಎಂದು ನಿಶ್ಚಯಿಸಿದೆ.

ಆ ದಿನ ಬೆಳಿಗ್ಗೆಯೇ ಮೋಡ ಕವಿದಿತ್ತು. ಬೆಟ್ಟದ ಕಡೆ ಗುಡುಗು. ಎಂಟನೇ ಹೋಲಿನಲ್ಲಿ ಆಂಟಿ ಗೋಣಿ ಎಳೆದು ಬಂದು, "ಇವತ್ತು ಕೊನೆ ದಿನ ಕುಂಞಿ. ಕಾಗದ ಚೀಲದಲ್ಲಿ ಉಂಟಲ್ಲ?" ಎಂದರು. "ಉಂಟು" ಎಂದೆ. "ನೀನು ಬಾರದೆ ಹೋದ್ರೆ ನನಗೆ ಆಟ ಇಲ್ಲ" ಎಂದರು. ಉಪಚಾರದ ಮಾತು ಎಂದುಕೊಂಡೆ.

ಒಂಬತ್ತನೇ ಹೋಲಿನಲ್ಲಿ ದೇವರೇ ನನ್ನ ಕೈ ಹಿಡಿದು ಹೊಡೆಸಿದ. ಐದನೇ ಏಟಿಗೆ ಬಾಲ್ ಹೋಲಿಗೆ ಬಿತ್ತು. ಆಂಟಿಯದು ನಾಲ್ಕಾಗಿತ್ತು. ಬಾಲ್ ಹೋಲಿನಿಂದ ಒಂದೂವರೆ ಅಡಿ ದೂರ. ಅಂಥದನ್ನು ಅವರು ಆ ಸೀಸನ್ನಿನಲ್ಲಿ ಒಂದೂ ಬಿಟ್ಟವರಲ್ಲ. ಬಿದ್ದರೆ ಸಮಸಮ, ತಪ್ಪಿದರೆ ನನಗೆ ಗೆಲುವು. ವರಾಂಡದ ಎದುರಿನ ಆ ಬ್ರೌನಿನ ಮೇಲೆ ಬೆಳಕು ಸಂಜೆಯ ಹಾಗೆ ಮಂಕಾಗಿತ್ತು.

"ಕೋಲು ಹಿಡಿದಿದ್ದೀಯಾ?" ಎಂದರು.

"ಹಿಡಿದಿದ್ದೇನೆ ಆಂಟಿ."

ಅವರು ಕಾದರು. ನಾನು ಉಸಿರು ಬಿಗಿಹಿಡಿದು, ಕೋಲು ಗಟ್ಟಿಯಾಗಿ ಹಿಡಿದು, ಕಲ್ಲಿನ ಹಾಗೆ ನಿಂತೆ. ಅವರು ಇನ್ನೂ ಸ್ವಲ್ಪ ಕಾದರು. ಆಮೇಲೆ ಹೊಡೆದರು. ಬಾಲ್ ಹೋಲಿನಿಂದ ಒಂದು ಗೇಣು ಎಡಕ್ಕೆ ಹೋಯಿತು. ಕಣ್ಣಿದ್ದ ಮಗು ಕೂಡ ಹಾಗೆ ಹೊಡೆಯುವುದಿಲ್ಲ.

"ಬಿತ್ತಾ?" ಎಂದು ಕೇಳಿದರು.

ಅದು ಕೇಳಿದ್ದೇ ನನ್ನ ತಲೆಗೆ ರಕ್ತ ಏರಿತು. ಬಿಟ್ಟುಕೊಟ್ಟದ್ದೂ ಅಲ್ಲದೆ ನಾಟಕ ಬೇರೆ! ಬೇಕೆಂದೇ ಸೋತಿದ್ದಾರೆ, ಕೊನೆಯ ದಿನ ಪಾಪ ಎಂದು ಒಂದು ಹೋಲ್ ಎಸೆದಿದ್ದಾರೆ, ಜೀಪಿನಲ್ಲಿ ಕೂತವನ ಮಗಳಿಗೆ.

"ನಂಗೆ ದಾನ ಬೇಡ ಆಂಟಿ" ಎಂದೆ.

"ಎಂಥ ದಾನ?"

"ಒಂದೂವರೆ ಅಡಿ. ನೀವು ಅದನ್ನು ತಪ್ಪಿಸ್ತೀರಾ? ನನ್ನನ್ನು ಏನು ಅಂತ ತಿಳ್ಕೊಂಡಿದ್ದೀರಿ?"

ಅವರ ಮುಖ ಬಿಳುಚಿತು. ನನ್ನ ಕಿವಿಯ ಆಚೆ ನೋಡುತ್ತ ಹೇಳಿದರು: "ನಾನು ಯಾರಿಗೂ ಹೋಲ್ ಬಿಟ್ಟುಕೊಟ್ಟವಳಲ್ಲ. ಗೋಣಿ ಎಳಿ. ನೀನು ಗೆದ್ದಿದ್ದೀಯ."

ನಾನು ಎಳೆಯಲಿಲ್ಲ. ಕೋಲು ಅಲ್ಲೇ ಹಾಕಿ, ಚೀಲ ಎತ್ತಿಕೊಂಡು ಸ್ಕೂಟರಿನ ಕಡೆ ನಡೆದೆ. ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದೆ. ಆಂಟಿ ಗೋಣಿ ಎಳೆಯುತ್ತಿದ್ದರು. ಸುತ್ತು ಸರಿಯಿರಲಿಲ್ಲ, ಮರಳು ಬಿಟ್ಟು ಹುಲ್ಲಿನ ಮೇಲೆ ಹೋಗಿ, ಕಾಲಿನಿಂದ ತಡವಿ ಮತ್ತೆ ಮರಳಿಗೆ ಬರುತ್ತಿದ್ದರು. ಸಿಟ್ಟು ಬಂದಿದೆ ಅವರಿಗೂ ಎಂದುಕೊಂಡೆ. ದಪ್ಪ ಹನಿ ಬೀಳಲು ಶುರುವಾಯಿತು.

ಆ ಮಳೆಗಾಲದಲ್ಲಿ ಅವರ ಫೋನು ಎರಡು ಸಲ ಬಂತು. ಎತ್ತಲಿಲ್ಲ. ಜುಲೈಯಲ್ಲಿ ನನಗೆ ಚಿಕ್ಕಮಗಳೂರಿಗೆ ವರ್ಗವಾಯಿತು, ಹೋದೆ. ಅಲ್ಲಿ ಗುರುವಾರ ಬೆಳಿಗ್ಗೆ ಏಳಕ್ಕೆ ಎಚ್ಚರವಿದ್ದು ಮಾಡಲು ಏನೂ ಇಲ್ಲದೆ ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆ. ಕಿಟಕಿಯಿಂದ ಹಕ್ಕಿ ಹಾರಿದರೆ, ಎತ್ತರಕ್ಕೆ ಹೋಯ್ತು, ಎರಡನೇ ಮರದ ಈಚೆ ಇಳೀತು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಕೇಳುವವರು ಇರಲಿಲ್ಲ. ಸಿಟ್ಟು ಒಂದು ವರ್ಷದಲ್ಲಿ ಇಳಿಯಿತು, ಅದರ ಜಾಗಕ್ಕೆ ನಾಚಿಕೆ ಬಂತು. ನಾಚಿಕೆ ಸಿಟ್ಟಿಗಿಂತ ಗಟ್ಟಿ. ಫೋನು ಕೈಗೆತ್ತಿಕೊಂಡು ಇಟ್ಟ ಸಲಕ್ಕೆ ಲೆಕ್ಕವಿಲ್ಲ. ಈ ವರ್ಷ ತಿರುಗಿ ಮೂರ್ನಾಡಿಗೆ ಬಂದೆ. ಬಂದ ಮೇಲೂ ಆ ರಸ್ತೆಗೆ ಸ್ಕೂಟರ್ ತಿರುಗಿಸಲಿಲ್ಲ.

ವರ್ಕ್‌ಶಾಪಿನಲ್ಲಿ ಚಾತುಕುಟ್ಟಿಯಣ್ಣ ಎರಡನೇ ಕ್ಯಾನು ತುಂಬಿ ಮುಚ್ಚಳ ತಿರುಗಿಸುವಾಗ ಕೊನೆಗೂ ಕೇಳಿದೆ: "ದೇಚಮ್ಮ ಆಂಟಿ ಆಡ್ತಾರಾ?"

"ಎಲ್ಲಿ ಆಡೂದು ಮೇಡಂ? ಅಮ್ಮನಿಗೆ ಕಣ್ಣು ಇಲ್ಲವಲ್ಲ."

"ಯಾವಾಗಿಂದ?"

"ನೀವು ಇರುವಾಗಲೇ. ನಿಮಗೆ ಗೊತ್ತಿರ್ಲಿಲ್ವಾ?" ಅವರು ಆಶ್ಚರ್ಯದಿಂದ ನೋಡಿದರು. "ನೇರ ನೋಡಿದ್ರೆ ನಡುವಿಗೆ ಏನೂ ಕಾಣೂದಿಲ್ಲ, ಬದಿಯಲ್ಲಿ ಸ್ವಲ್ಪ ಕಾಣ್ತದೆ. ಮೊದಲು ಬಾಲ್ ನೋಡಿ ಹೇಳ್ತಿದ್ದದ್ದು ನಾನೇ. ಆ ವರ್ಷ ಒಂಬತ್ತು ಬ್ರೌನಿಗೂ ನಾನೊಬ್ಬನೇ ಅಂತ ಆಯ್ತು, ನನಗೆ ಬರೂದಕ್ಕೆ ಆಗ್ಲಿಲ್ಲ. ಆಗ ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸಿದ್ರು ಅಮ್ಮ. ಗೊತ್ತಾದ್ರೆ ಪಾಪ ಅಂತಾರೆ, ಅದು ನನಗೆ ಆಗೂದಿಲ್ಲ ಅಂತ."

ಬೆಂಚಿನ ಮೇಲೆ ಕೂತಲ್ಲೇ ಒಂದೊಂದಾಗಿ ನೆನಪಾಯಿತು. ಕಿವಿಯ ಆಚೆ ನೋಡುತ್ತಿದ್ದದ್ದು, ಗೆರೆ ಬಿಟ್ಟ ಸಹಿ, ಅಂಗೈಯ ಕೆಳಗಿನ ಮರಳು, "ಹೂವು ಹೇಗಿದೆ ಹೇಳು" ಎಂದದ್ದು. ಟಿಣಿಟಿಣಿ ಸದ್ದು ಕೇಳಲಿ ಎಂದು ಅವರು ಕಾದದ್ದು. ಕಾದರು, ಮತ್ತೆ ಕಾದರು, ನಾನು ಮರ್ಯಾದೆಯಿಂದ ಸುಮ್ಮನೆ ನಿಂತೆ. "ಬಿತ್ತಾ?" ಎಂದು ಅವರು ನಿಜವಾಗಿಯೂ ಕೇಳಿದ್ದರು.

"ನೀವು ಹೋದ ಮೇಲೆ ಆಡ್ಲೇ ಇಲ್ಲ" ಎಂದರು ಚಾತುಕುಟ್ಟಿಯಣ್ಣ. "ಆದ್ರೂ ಗುರುವಾರ ಬರ್ತಾರೆ. ವರಾಂಡದಲ್ಲಿ ಕೂತು ಕಾಫಿ ಕುಡಿದು ಹೋಗ್ತಾರೆ."

ಮನೆಗೆ ಬಂದು ಹಳೆಯ ಆಗರ್ ಚೀಲ ಹುಡುಕಿದೆ. ಕಾಗದ ಅಲ್ಲೇ ಇತ್ತು, ಮಡಿಕೆಯಲ್ಲಿ ಸ್ವಲ್ಪ ಕೆಂಪು ಮಣ್ಣು ಕೂತಿತ್ತು. ಲೋಕೇಶ್ ನೋಡಿ, ಈ ಸಲ ರೇಗಿಸಲಿಲ್ಲ. "ಹೋಗಿ ಬಾ" ಎಂದರು.

ಗುರುವಾರ ಹೋದೆ. ಹತ್ತು ಗಂಟೆ, ಏರು ಬಿಸಿಲು. ವರಾಂಡದ ಬೆತ್ತದ ಕುರ್ಚಿಯಲ್ಲಿ ಆಂಟಿ ಕೂತಿದ್ದರು. ಸೀರೆ ಉಟ್ಟಿದ್ದರು. ಗುರುವಾರ ಅವರನ್ನು ಸೀರೆಯಲ್ಲಿ ನೋಡಿದ್ದು ಅದೇ ಮೊದಲು. ಮೆಟ್ಟಿಲು ಹತ್ತಿ ಏನೆಂದು ಹೇಳುವುದು? ಕ್ಷಮಿಸಿ ಎಂದರೆ ಅದರಲ್ಲೂ ಒಂದು ಪಾಪ ಇರುತ್ತದೆ. ನಾನು ಮೆಟ್ಟಿಲು ಹತ್ತಲಿಲ್ಲ. ನೇರ ಒಂಬತ್ತನೇ ಬ್ರೌನಿಗೆ ಹೋಗಿ, ಗೋಣಿಯ ಹಗ್ಗ ಹಿಡಿದು, ನಡುವಿನಿಂದ ಎಳೆಯಲು ಶುರು ಮಾಡಿದೆ. ಎಣ್ಣೆ ಮರಳಿನ ಮೇಲೆ ಸರ್ ಸರ್ ಎಂದು ಸದ್ದು. ಬೆನ್ನು ಬಾಗಿತು. ಆ ವಾಸನೆಗೆ ಕಣ್ಣು ತುಂಬಿ ಮರಳು ಸರಿಯಾಗಿ ಕಾಣಲಿಲ್ಲ.

ವರಾಂಡದಿಂದ ದನಿ ಬಂತು. "ಯಾರದು? ಇವತ್ತು ಯಾರೂ ಆಡಿದ ಸದ್ದೇ ಇಲ್ಲ. ಗೆದ್ದದ್ದು ಯಾರು?"

"ನಾನು ಆಂಟಿ" ಎಂದೆ. "ಆವತ್ತಿನದು."

ಕಾಫಿ ಕಪ್ಪನ್ನು ಸಾಸರಿನ ಮೇಲೆ ಇಟ್ಟ ಸದ್ದು ಕೇಳಿಸಿತು.

"ಅಂಚು ಬಿಟ್ಟಿದ್ದೀ" ಎಂದರು. "ಸದ್ದಿನಲ್ಲೇ ಗೊತ್ತಾಗ್ತದೆ. ಇನ್ನೊಂದು ಸುತ್ತು ಎಳಿ."

ಎಳೆದೆ. ಅಂಚಿನವರೆಗೆ, ಒಂದು ಬೆರಳಿನಷ್ಟೂ ಬಿಡದೆ. ಗೋಣಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಆ ಮೂರು ಮೆಟ್ಟಿಲು ಹತ್ತಿದೆ.

"ಎಳೆದಾಯ್ತಲ್ಲ ಕುಂಞಿ" ಎಂದರು ಆಂಟಿ. "ಈಗ ಆ ಕಾಗದ ಕೊಡು."

ಕೈ ಚಾಚಿದರು. ನಾನಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ. ನಾನು ಆಚೆಗೆ ಸರಿದು ನಿಂತೆ.